ಒಂದೇ ಹಾಳೆಯ ಮೇಲಿನ ತಾರೀಖುಗಳು

ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಲೆಕ್ಕ ತಪಾಸಣೆಯ ಕೆಲಸ ಮಾಡಿದ ನನಗೆ ಒಂದು ಚಾಳಿ ಅಂಟಿಕೊಂಡಿದೆ. ಯಾವುದಾದರೂ ದೊಡ್ಡ ಕಂಪನಿಯ ಸುದ್ದಿ ಬಂದರೆ, ಅದರಲ್ಲಿರುವ ವಿವರಣೆ, ಸಮರ್ಥನೆಗಳನ್ನೆಲ್ಲ ಬದಿಗಿಟ್ಟು ತಾರೀಖು ಮತ್ತು ಮೊತ್ತಗಳನ್ನು ಮಾತ್ರ ಒಂದು ಹಾಳೆಯಲ್ಲಿ ಸಾಲಾಗಿ ಬರೆದುಕೊಳ್ಳುತ್ತೇನೆ. 2020ರಲ್ಲಿ, ಮೈಸೂರಿನ ಮನೆಯಲ್ಲೇ ಕೂತು ಕೆಲಸ ಮಾಡುತ್ತಿದ್ದ ದಿನಗಳಲ್ಲಿ, ವಾಲ್ಟ್ ಡಿಸ್ನಿ ಕಂಪನಿಯ ಥೀಮ್ ಪಾರ್ಕ್‌ಗಳ ಬಗ್ಗೆ ಹಾಗೆ ಬರೆದಿಟ್ಟಿದ್ದ ಹಾಳೆಯೊಂದು ಕಳೆದ ವಾರ ಹಳೆಯ ಡೈರಿಯೊಳಗಿನಿಂದ ಜಾರಿ ಬಿತ್ತು. ಎರಡೂ ಬದಿ ತುಂಬಿದ್ದ ಆ ಹಾಳೆಯನ್ನು ಇಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ.

ಸಾವಿರಾರು ಮೈಲಿ ದೂರದ ಪಾರ್ಕ್‌ಗಳ ಉಸಾಬರಿ ನನಗೇಕೆ ಎಂದು ಯಾರಾದರೂ ಕೇಳಬಹುದು. ಅಕ್ಕನ ಮನೆ ಫ್ಲಾರಿಡಾದ ಒರ್ಲ್ಯಾಂಡೊ ಬಳಿ ಇದೆ. 2018ರಲ್ಲಿ ಅಮ್ಮನನ್ನು ಕರೆದುಕೊಂಡು ಅಲ್ಲಿಗೆ ಹೋಗಿದ್ದಾಗ, ನೂರು ಡಾಲರಿಗೂ ಮಿಕ್ಕಿದ ಟಿಕೆಟ್ ಕೊಂಡು ಮ್ಯಾಜಿಕ್ ಕಿಂಗ್‌ಡಮ್ ಎಂಬ ಪಾರ್ಕನ್ನೂ ನೋಡಿದ್ದೆವು. ಅಲ್ಲಿ ನನಗೆ ನೆನಪಿನಲ್ಲಿ ಉಳಿದದ್ದು ಕೋಟೆಯೂ ಅಲ್ಲ, ಪಟಾಕಿಯೂ ಅಲ್ಲ. ಕೆಲಸಗಾರರ ಎದೆಯ ಮೇಲಿನ ಬಿಲ್ಲೆ. ಅದರಲ್ಲಿ ಅವರ ಹೆಸರು, ಹೆಸರಿನ ಕೆಳಗೆ ಅವರ ಊರು. ಕಸ ಗುಡಿಸುವವರ ಎದೆಯ ಮೇಲೂ ಊರಿನ ಹೆಸರಿತ್ತು. ಓದಲು ಬಾರದ ಅಕ್ಷರಗಳನ್ನು ಬೆರಳಿನಿಂದ ತೋರಿಸಿ ಅಮ್ಮ ಒಬ್ಬೊಬ್ಬರ ಊರನ್ನೂ ನನ್ನಿಂದ ಓದಿಸಿದಳು. ಕಂಪನಿಯ ಭಾಷೆಯಲ್ಲಿ ಅವರು ಕೆಲಸಗಾರರಲ್ಲ, 'ಕಾಸ್ಟ್ ಮೆಂಬರ್'ಗಳು, ಅಂದರೆ ಒಂದು ನಾಟಕದ ಪಾತ್ರಧಾರಿಗಳು. ಅವರು ತೊಡುವುದು ಸಮವಸ್ತ್ರವಲ್ಲ, ವೇಷ. ಆ ಪದಗಳು ಆಗ ಮುದ್ದಾಗಿ ಕಂಡಿದ್ದವು.

ಹಾಳೆಯ ಮೊದಲ ಸಾಲು 2020ರ ಜನವರಿ 25, ಶಾಂಘೈ: ಕೋವಿಡ್ ಕಾರಣಕ್ಕೆ ಅಲ್ಲಿನ ಪಾರ್ಕ್ ಮುಚ್ಚಿದ ದಿನ. ಮರುದಿನ ಹಾಂಗ್‌ಕಾಂಗ್. ಫೆಬ್ರುವರಿ 29ರಂದು ಟೋಕಿಯೊ. ಮಾರ್ಚ್ 14ರಂದು ಕ್ಯಾಲಿಫೋರ್ನಿಯಾದ ಅನಾಹೈಮ್‌ನಲ್ಲಿರುವ ಮೂಲ ಡಿಸ್ನಿಲ್ಯಾಂಡ್. ಮಾರ್ಚ್ 15ರ ರಾತ್ರಿ ಫ್ಲಾರಿಡಾದ ನಾಲ್ಕೂ ಪಾರ್ಕ್‌ಗಳು. ಮಾರ್ಚ್ ಮಧ್ಯದ ಹೊತ್ತಿಗೆ ಆರು ಊರುಗಳ ಹನ್ನೆರಡು ಪಾರ್ಕ್‌ಗಳೂ ಬಾಗಿಲು ಹಾಕಿದ್ದವು. ಇವುಗಳಲ್ಲಿ ಟೋಕಿಯೊದ್ದು ಡಿಸ್ನಿಯ ಆಸ್ತಿಯೇ ಅಲ್ಲ, ಓರಿಯೆಂಟಲ್ ಲ್ಯಾಂಡ್ ಎಂಬ ಜಪಾನಿ ಕಂಪನಿ ಪರವಾನಗಿ ಪಡೆದು ನಡೆಸುವಂಥದ್ದು. ಶಾಂಘೈ ಮತ್ತು ಹಾಂಗ್‌ಕಾಂಗ್‌ನಲ್ಲಿ ಹೆಚ್ಚಿನ ಪಾಲು ಅಲ್ಲಿನ ಸರ್ಕಾರಿ ಕಡೆಯವರದು. ಆದ್ದರಿಂದ ಹೊಡೆತ ಪೂರಾ ಬಿದ್ದದ್ದು ಅಮೆರಿಕದ ಪಾರ್ಕ್‌ಗಳು ಮುಚ್ಚಿದಾಗಲೇ. ಮಾರ್ಚ್ 14 ಎಂಬ ಸಾಲಿನ ಪಕ್ಕದಲ್ಲಿ ಪೆನ್ಸಿಲಿನಿಂದ 'ನಮ್ಮಲ್ಲೂ' ಎಂದು ಬರೆದುಕೊಂಡಿದ್ದೇನೆ. ಕರ್ನಾಟಕ ಸರ್ಕಾರ ಮಾಲ್, ಚಿತ್ರಮಂದಿರಗಳನ್ನು ಒಂದು ವಾರದ ಮಟ್ಟಿಗೆ ಮುಚ್ಚಿಸಿದ್ದು ಅದೇ ದಿನ. ಡಿಸ್ನಿಯವರು ಹೇಳಿದ್ದು ತಿಂಗಳ ಕೊನೆಯವರೆಗೆ ಎಂದು. ಫ್ಲಾರಿಡಾದಲ್ಲಿ ಕೊನೆಯ ರಾತ್ರಿಯ ಪಟಾಕಿ ನೋಡಲು ಜನ ಭುಜಕ್ಕೆ ಭುಜ ತಾಗಿಸಿ ನಿಂತಿದ್ದ ಚಿತ್ರಗಳನ್ನು ನೋಡಿದರೆ, ಆ ಹೊತ್ತಿಗೆ ಯಾರಿಗೂ ಏನೂ ಸರಿಯಾಗಿ ಅರ್ಥವಾಗಿರಲಿಲ್ಲ ಎನ್ನುವುದು ಗೊತ್ತಾಗುತ್ತದೆ.

ಶಾಂಘೈ ಪಾರ್ಕ್ ಮುಚ್ಚಿದ ಮೇಲೆ, ಅಮೆರಿಕದವು ಮುಚ್ಚುವ ಮೊದಲು, ಫೆಬ್ರುವರಿ 25ರಂದು, ಇನ್ನೊಂದು ಘಟನೆ ನಡೆದಿತ್ತು. 2005ರಿಂದ ಕಂಪನಿಯ ಮುಖ್ಯಸ್ಥರಾಗಿದ್ದ ಬಾಬ್ ಐಗರ್ ಇದ್ದಕ್ಕಿದ್ದಂತೆ ಸಿಇಒ ಸ್ಥಾನದಿಂದ ಕೆಳಗಿಳಿದು ಕಾರ್ಯನಿರ್ವಾಹಕ ಅಧ್ಯಕ್ಷರಾಗಿ ಉಳಿದುಕೊಂಡರು. ಅವರ ಜಾಗಕ್ಕೆ ಪಾರ್ಕ್‌ಗಳ ವಿಭಾಗವನ್ನು ನೋಡಿಕೊಳ್ಳುತ್ತಿದ್ದ ಬಾಬ್ ಚೇಪೆಕ್ ಬಂದರು. ಪಾರ್ಕ್‌ಗಳನ್ನು ಒಳಹೊರಗು ಬಲ್ಲವರೇ ಪಾರ್ಕ್‌ಗಳಿಲ್ಲದ ಕಂಪನಿಯನ್ನು ನಡೆಸಬೇಕಾಗಿ ಬಂದದ್ದು ವಿಧಿಯ ಕುಚೋದ್ಯವೆನ್ನಬೇಕು.

ನಷ್ಟ ಎಷ್ಟು ದೊಡ್ಡದಿತ್ತು ಎನ್ನುವುದನ್ನು ಮರೆತು ಕಂಪನಿಯನ್ನು ಬಯ್ಯುವುದು ಸುಲಭ. ಲೆಕ್ಕದವನಾಗಿ ನಾನು ಹಾಗೆ ಮಾಡಲಾರೆ. ಪಾರ್ಕ್, ಹಡಗು, ಆಟಿಕೆಗಳನ್ನೊಳಗೊಂಡ ವಿಭಾಗ 2019ರ ಹಣಕಾಸು ವರ್ಷದಲ್ಲಿ ತಂದುಕೊಟ್ಟ ಕಾರ್ಯಾಚರಣೆ ಲಾಭ ಸುಮಾರು 676 ಕೋಟಿ ಡಾಲರ್. ಅದು ಇಡೀ ಕಂಪನಿಯ ಅಂಥ ಲಾಭದಲ್ಲಿ ಶೇ 45ರಷ್ಟು. ಆ ವರ್ಷದ ಮಾರ್ಚ್‌ನಲ್ಲಷ್ಟೇ ಫಾಕ್ಸ್‌ನ ಸಿನಿಮಾ, ಟಿವಿ ವ್ಯಾಪಾರದ ಬಹುಪಾಲು ಆಸ್ತಿಯನ್ನು 7,130 ಕೋಟಿ ಡಾಲರ್‌ಗೆ ಖರೀದಿಸಿದ್ದರಿಂದ ತಲೆಯ ಮೇಲೆ ಸಾಲದ ಹೊರೆಯೂ ಇತ್ತು. 2020ರ ಏಪ್ರಿಲ್‌ನಿಂದ ಜೂನ್‌ವರೆಗಿನ ತ್ರೈಮಾಸಿಕದಲ್ಲಿ ಅದೇ ಪಾರ್ಕ್ ವಿಭಾಗದ ವರಮಾನ ಶೇ 85ರಷ್ಟು ಕುಸಿದು, ಕಾರ್ಯಾಚರಣೆಯ ನಷ್ಟ 196 ಕೋಟಿ ಡಾಲರ್ ಆಯಿತು. ಪಾರ್ಕ್ ಎಂದರೆ ಕೀಲಿ ಹಾಕಿ ಹೋಗಬಹುದಾದ ಅಂಗಡಿಯಲ್ಲ. ಆನೆ, ಜಿರಾಫೆಗಳಿಗೆ ದಿನವೂ ಮೇವು ಬೇಕು, ಕೊಳದ ನೀರು ತಿರುಗುತ್ತಲೇ ಇರಬೇಕು, ಫ್ಲಾರಿಡಾದ ತೇವಕ್ಕೆ ಕಬ್ಬಿಣ ತುಕ್ಕು ಹಿಡಿಯದಂತೆ ಕಾಯಬೇಕು. ಒಳಗೆ ಬರುವ ಕಾಸು ನಿಂತರೂ ಹೊರಗೆ ಹೋಗುವುದು ನಿಲ್ಲುವುದಿಲ್ಲ.

ಏಪ್ರಿಲ್ 18ರವರೆಗೆ, ಸುಮಾರು ಐದು ವಾರ, ಕಂಪನಿ ಕೆಲಸವಿಲ್ಲದಿದ್ದರೂ ಸಂಬಳ ಕೊಟ್ಟಿತು. ಇದನ್ನು ಜಮಾ ಕಡೆಗೆ ಬರೆಯಲೇಬೇಕು. ಏಪ್ರಿಲ್ 19ರಿಂದ ಆರಂಭವಾದದ್ದು 'ಫರ್ಲೊ'. ಕನ್ನಡದಲ್ಲಿ ಇದಕ್ಕೆ ಸಂಬಳವಿಲ್ಲದ ರಜೆ ಎನ್ನಬಹುದು, ಆದರೆ ರಜೆಯನ್ನು ನಾವು ಕೇಳಿ ಪಡೆಯುತ್ತೇವೆ. ಇದು ಕೇಳದೆ ಬಂದದ್ದು. ಫ್ಲಾರಿಡಾವೊಂದರಲ್ಲೇ ಕಾರ್ಮಿಕ ಸಂಘಗಳಿಗೆ ಸೇರಿದ 43,000 ಜನ ಈ ಪಟ್ಟಿಯಲ್ಲಿದ್ದರು. ಸಂಘಗಳು ಚೌಕಾಸಿ ಮಾಡಿ ಆರೋಗ್ಯ ವಿಮೆಯನ್ನೂ ಸೇವಾ ಹಿರಿತನವನ್ನೂ ಉಳಿಸಿಕೊಂಡವು. ಕಾಯಿಲೆಯ ಕಾಲದಲ್ಲಿ, ವಿಮೆಯಿಲ್ಲದೆ ಆಸ್ಪತ್ರೆಯ ಮೆಟ್ಟಿಲು ಹತ್ತಲಾಗದ ದೇಶದಲ್ಲಿ, ಅದು ಸಣ್ಣ ಗೆಲುವೇನಲ್ಲ.

ಅದಕ್ಕೂ ಮುಂಚೆ, ಮಾರ್ಚ್ 30ರಂದು, ಮೇಲಿನವರ ಸಂಬಳ ಕಡಿತದ ಪ್ರಕಟಣೆ ಬಂದಿತ್ತು. ಐಗರ್ ತಮ್ಮ ಸಂಬಳವನ್ನು ಪೂರ್ತಿ ಬಿಟ್ಟುಕೊಟ್ಟರು, ಚೇಪೆಕ್ ಅರ್ಧ. ಉಪಾಧ್ಯಕ್ಷರ ಮಟ್ಟದಿಂದ ಮೇಲಕ್ಕೆ ಹುದ್ದೆಗೆ ತಕ್ಕಂತೆ ಶೇ 20ರಿಂದ 30. ಪತ್ರಿಕೆಗಳಲ್ಲಿ ತಲೆಬರಹ ಚೆನ್ನಾಗಿಯೇ ಬಂತು. ಆದರೆ 'ಸಂಬಳ' ಎಂಬ ಪದದ ಕೆಳಗೆ ನಾನು ಎರಡು ಗೆರೆ ಎಳೆದಿದ್ದೇನೆ. ಐಗರ್ ಅವರ ಮೂಲ ಸಂಬಳ ವರ್ಷಕ್ಕೆ 30 ಲಕ್ಷ ಡಾಲರ್. ಆದರೆ 2019ರಲ್ಲಿ ಷೇರು, ಬೋನಸ್ ಎಲ್ಲ ಸೇರಿ ಅವರಿಗೆ ಸಂದದ್ದು 4.75 ಕೋಟಿ ಡಾಲರ್. ಇಂಥ ಹುದ್ದೆಗಳಲ್ಲಿ ಸಂಬಳವೆನ್ನುವುದು ಊಟದ ಎಲೆಯ ತುದಿಗೆ ಬಡಿಸಿದ ಉಪ್ಪಿನಷ್ಟೇ. ಅದನ್ನು ಬಿಟ್ಟುಕೊಟ್ಟರೆ ಊಟ ಕೆಡುವುದಿಲ್ಲ. ಕೆಳಗಿನ ಸಾಲಿನಲ್ಲಿರುವವರಿಗೆ, ಗಂಟೆಗೆ 13 ಡಾಲರ್ ಸಂಬಳವೇ ಎಲೆ, ಅನ್ನ, ಸಾರು ಎಲ್ಲವೂ.

ಷೇರುದಾರರ ಲಾಭಾಂಶದ ವಿಷಯದಲ್ಲಿ ಜಗಳ ಹೊತ್ತಿಕೊಂಡದ್ದು ಏಪ್ರಿಲ್ ಮೂರನೆಯ ವಾರ. ಲಕ್ಷದಷ್ಟು ಜನರನ್ನು ಮನೆಗೆ ಕಳಿಸಿ, ಷೇರುದಾರರಿಗೆ ಅರ್ಧವಾರ್ಷಿಕ ಲಾಭಾಂಶವಾಗಿ 150 ಕೋಟಿ ಡಾಲರ್ ಹಂಚುವುದು ಯಾವ ನ್ಯಾಯ ಎಂದು ಬಹಿರಂಗವಾಗಿ ಕೇಳಿದವರು ಹೊರಗಿನ ಯಾರೋ ಅಲ್ಲ. ಸಂಸ್ಥಾಪಕ ಸಹೋದರರಲ್ಲಿ ಒಬ್ಬರಾದ ರಾಯ್ ಡಿಸ್ನಿಯ ಮೊಮ್ಮಗಳು ಅಬಿಗೇಲ್ ಡಿಸ್ನಿ. ಮನೆಮಗಳೇ ಅಂಗಳದಲ್ಲಿ ನಿಂತು ಕೂಗಿದಂತಾಯಿತು. ಮೇ ತಿಂಗಳಲ್ಲಿ ಕಂಪನಿ ಆ ಅವಧಿಯ ಲಾಭಾಂಶವನ್ನು ಕೈಬಿಟ್ಟಿತು. ಕಂಪನಿಯ ಲೆಕ್ಕದಲ್ಲಿ ಅದರಿಂದ ಉಳಿತಾಯವಾದದ್ದು ಸುಮಾರು 160 ಕೋಟಿ ಡಾಲರ್. ಕೂಗಿಗೆ ಹೆದರಿ ಬಿಟ್ಟರೋ, ಸಾಲ ಕೊಟ್ಟವರಿಗೆ ಹೆದರಿ ಬಿಟ್ಟರೋ, ನಾನು ಊಹಿಸಲು ಹೋಗುವುದಿಲ್ಲ. ಆ ಹಣ ಕೆಲಸಗಾರರ ಖಾತೆಗಂತೂ ತಿರುಗಲಿಲ್ಲ.

ಇತ್ತ ಫ್ಲಾರಿಡಾದ ನಿರುದ್ಯೋಗ ಭತ್ಯೆ ವಾರಕ್ಕೆ ಹೆಚ್ಚೆಂದರೆ 275 ಡಾಲರ್, ಅದೂ 12 ವಾರಗಳಿಗೆ. ಅಮೆರಿಕದ ರಾಜ್ಯಗಳಲ್ಲೇ ಅತ್ಯಂತ ಜುಗ್ಗ ವ್ಯವಸ್ಥೆಗಳಲ್ಲಿ ಒಂದು. ಅರ್ಜಿ ಹಾಕುವ ಜಾಲತಾಣ ಒತ್ತಡ ತಾಳದೆ ಪದೇಪದೇ ಕುಸಿದು, ಕೊನೆಗೆ ಸರ್ಕಾರ ಕಾಗದದ ಅರ್ಜಿಗಳನ್ನು ಹಂಚಬೇಕಾಯಿತು. ರೋಗ ಹರಡದಂತೆ ಮನೆಯಲ್ಲಿರಿ ಎಂದವರೇ ಜನರನ್ನು ಅರ್ಜಿಯ ಸಾಲಿನಲ್ಲಿ ನಿಲ್ಲಿಸಿದರು. ಕೇಂದ್ರ ಸರ್ಕಾರ ಜುಲೈ ಕೊನೆಯವರೆಗೆ ವಾರಕ್ಕೆ 600 ಡಾಲರ್ ಹೆಚ್ಚುವರಿಯಾಗಿ ಕೊಟ್ಟದ್ದರಿಂದ ಬಹಳಷ್ಟು ಮನೆಗಳ ಒಲೆ ಉರಿಯಿತು. ಕೂಡಿಸಿದರೆ 875. ಗಂಟೆಗೆ 13 ಡಾಲರ್‌ನಂತೆ ವಾರವಿಡೀ ದುಡಿದರೆ ಸಿಗುವುದು 520. ಮನೆಯಲ್ಲಿ ಸುಮ್ಮನೆ ಕೂತರೆ ಪಾರ್ಕಿನಲ್ಲಿ ಬೆವರು ಸುರಿಸುವುದಕ್ಕಿಂತ ಹೆಚ್ಚು ಹಣ ಬರುತ್ತದೆ ಎಂದು ಕೆಲವರು ಮೂಗು ಮುರಿದರು. ಈ ಲೆಕ್ಕದಲ್ಲಿ ನಾಚಿಕೆಪಡಬೇಕಾದ ಅಂಕಿ 875 ಅಲ್ಲ, 520 ಎಂದು ನನಗೆ ಅನ್ನಿಸಿತ್ತು.

ಅಕ್ಕನ ಪಕ್ಕದ ಮನೆಯಲ್ಲಿ ಅಂಥ ಒಬ್ಬರಿದ್ದರು. ಪೋರ್ಟೊರಿಕೊ ಮೂಲದವರು, ಅರವತ್ತರ ಸಮೀಪದವರು, ಪಾರ್ಕೊಂದರ ತಿಂಡಿ ಮಳಿಗೆಯಲ್ಲಿ ಕೆಲಸ. ಯಾವ ಪಾರ್ಕ್ ಎಂದು ಹೇಳುವುದು ಬೇಡ. ಆ ಊರಿನಲ್ಲಿ ಪಾರ್ಕ್‌ಗಳಿಗೆ ಬರವಿಲ್ಲ. ದಿನಕ್ಕೆ ಎಂಟು ಗಂಟೆ ನಿಂತೇ ಮಾಡುವ ಕೆಲಸವಾದ್ದರಿಂದ ಅವರ ಬಳಿ ಒಂದು ಜೊತೆ ಒಳ್ಳೆಯ ಕಪ್ಪು ಶೂಗಳಿದ್ದವು. ಮನೆಗೆ ಕಳಿಸಿದ ಮೇಲೂ ಪ್ರತಿ ಭಾನುವಾರ ಸಂಜೆ ಮನೆಯ ಮುಂದಿನ ಮೆಟ್ಟಿಲ ಮೇಲೆ ಕೂತು ಅವುಗಳಿಗೆ ಪಾಲಿಶ್ ಹಚ್ಚುತ್ತಿದ್ದರಂತೆ. "ಇವತ್ತೂ ಹಚ್ತಾ ಕೂತಿದಾರೆ ಕಣೋ, ನಾಳೆ ಬೆಳಗ್ಗೆ ಡ್ಯೂಟಿ ಇದೆಯೇನೋ ಅನ್ನೋ ಹಾಗೆ," ಎಂದು ಅಕ್ಕ ಫೋನಿನಲ್ಲಿ ಹೇಳುತ್ತಿದ್ದಳು. ವಾರ ವಾರವೂ ಅದೇ ವರದಿ. ಒಮ್ಮೆ ನಾನೇ, "ಅಕ್ಕಾ, ಶೂ ಹೇಗಿದೆ?" ಎಂದು ಕೇಳಿ ಇಬ್ಬರೂ ನಕ್ಕಿದ್ದೆವು, ನಕ್ಕದ್ದಕ್ಕೆ ಆಮೇಲೆ ಇಬ್ಬರಿಗೂ ಕಸಿವಿಸಿಯಾಯಿತು.

ಮೇ 11ರಂದು ಶಾಂಘೈ ಬಾಗಿಲು ತೆರೆಯಿತು. ಜುಲೈ 11ರಂದು ಫ್ಲಾರಿಡಾದಲ್ಲಿ ಎರಡು ಪಾರ್ಕ್, 15ರಂದು ಉಳಿದೆರಡು. ಜುಲೈ 12ರಂದು, ಅಂದರೆ ಎರಡನೆಯ ದಿನವೇ, ಫ್ಲಾರಿಡಾದಲ್ಲಿ ವರದಿಯಾದ ಹೊಸ ಸೋಂಕು 15,299. ಅಲ್ಲಿಯವರೆಗೆ ಯಾವ ರಾಜ್ಯವೂ ಒಂದೇ ದಿನ ಅಷ್ಟು ಕಂಡಿರಲಿಲ್ಲ. ತೆರೆದ ನಿರ್ಧಾರ ತಪ್ಪೇ? ಮಾಸ್ಕ್, ಮುಂಗಡ ಕಾಯ್ದಿರಿಸುವಿಕೆ, ಕಡಿಮೆ ಜನ ಎಂಬ ಕಟ್ಟುಪಾಡುಗಳನ್ನು ಅಲ್ಲಿ ಬಿಗಿಯಾಗಿ ಪಾಲಿಸಿದರು. ಕೆಲಸಗಾರರಿಗೆ ಮಾತ್ರ ಅತ್ತ ದರಿ, ಇತ್ತ ಪುಲಿ. ಹಾಡಿ ಕುಣಿಯುವ ಕಲಾವಿದರ ಸಂಘ ಕೋವಿಡ್ ಪರೀಕ್ಷೆ ಬೇಕು ಎಂದು ಪಟ್ಟು ಹಿಡಿದು, ಆಗಸ್ಟ್‌ವರೆಗೆ ಹೊರಗೇ ಉಳಿಯಿತು. ಅದೇ ಆವರಣದಲ್ಲಿ ಬ್ಯಾಸ್ಕೆಟ್‌ಬಾಲ್ ಲೀಗಿನ ಆಟಗಾರರು ದಿನಾ ಪರೀಕ್ಷೆ ಮಾಡಿಸಿಕೊಂಡು ಹೋಟೆಲುಗಳಲ್ಲಿ ಇದ್ದರು. ಕ್ಯಾಲಿಫೋರ್ನಿಯಾದಲ್ಲಿ ಕಂಪನಿ ಜುಲೈ 17ಕ್ಕೆ, ಡಿಸ್ನಿಲ್ಯಾಂಡಿನ 65ನೆಯ ಹುಟ್ಟುಹಬ್ಬಕ್ಕೆ, ತೆರೆಯಲು ಮುಹೂರ್ತ ಇಟ್ಟಿತ್ತು. ಸುರಕ್ಷತೆಯ ಬಗ್ಗೆ ನಮಗೆ ಖಾತ್ರಿಯಿಲ್ಲ ಎಂದು ಅಲ್ಲಿನ ಸಂಘಗಳು ಜೂನ್‌ನಲ್ಲೇ ರಾಜ್ಯಪಾಲ ಗ್ಯಾವಿನ್ ನ್ಯೂಸಮ್‌ಗೆ ಬರೆದವು, ಕಾರುಗಳ ಮೆರವಣಿಗೆ ನಡೆಸಿದವು. ರಾಜ್ಯವೂ ಅನುಮತಿ ಕೊಡಲಿಲ್ಲ. ಕೆಲವು ತಿಂಗಳ ನಂತರ ಅದೇ ಸಂಘಗಳಲ್ಲಿ ಕೆಲವು ಬೇಗ ತೆರೆಯಿರಿ ಎಂದು ಕೇಳತೊಡಗಿದವು. ಇದನ್ನು ಮಾತು ಬದಲಿಸುವುದು ಎನ್ನಲು ನನಗೆ ಬಾಯಿ ಬರುವುದಿಲ್ಲ. ಹೊಟ್ಟೆ ಒಂದು ಹಂತದವರೆಗೆ ಶ್ವಾಸಕೋಶದ ಮಾತು ಕೇಳುತ್ತದೆ, ಆಮೇಲೆ ಕೇಳುವುದಿಲ್ಲ.

ಹಾಳೆಯನ್ನು ತಿರುಗಿಸಿದರೆ ಮೊದಲಿಗೆ ಕಾಣುವುದು ಎರಡು ಸಾಲು. ಆಗಸ್ಟ್: ಮೇಲಧಿಕಾರಿಗಳ ಸಂಬಳ ಕಡಿತ ರದ್ದು. ಸೆಪ್ಟೆಂಬರ್ 29: 28,000 ಜನರ ಕೆಲಸ ರದ್ದು.

ಆ ಸುದ್ದಿ ನಮಗೆ ತಲುಪಿದಾಗ ಇಲ್ಲಿ 30ರ ಬೆಳಗ್ಗೆ. ಎರಡು ರಾತ್ರಿಗಳ ಹಿಂದಷ್ಟೇ ದುಬೈನಲ್ಲಿ ಆರ್‌ಸಿಬಿ ಸೂಪರ್ ಓವರ್‌ನಲ್ಲಿ ಮುಂಬೈ ಇಂಡಿಯನ್ಸನ್ನು ಸೋಲಿಸಿತ್ತು. ಮನೆಯಲ್ಲಿ ಎಲ್ಲರ ಬಾಯಲ್ಲಿ ಇನ್ನೂ ಅದೇ ಮಾತು. ಪಾರ್ಕ್ ವಿಭಾಗದ ಮುಖ್ಯಸ್ಥ ಜೋಶ್ ಡಮಾರೊ ಕೆಲಸಗಾರರಿಗೆ ಬರೆದ ಪತ್ರವನ್ನು ಕಾಫಿ ಲೋಟದ ಪಕ್ಕ ಇಟ್ಟುಕೊಂಡು ಓದಿದೆ. ತೆಗೆಯಲಾಗುವವರಲ್ಲಿ ಶೇ 67ರಷ್ಟು ಜನ ಅರೆಕಾಲಿಕರು ಎಂದು ಕಂಪನಿ ಸ್ಪಷ್ಟಪಡಿಸಿತ್ತು. ಇಂಥ ಕಡೆ 'ಅರೆಕಾಲಿಕ' ಎಂಬ ಪದ ಓದುಗನ ಮನಸ್ಸನ್ನು ಹಗುರ ಮಾಡಲು ಬರುತ್ತದೆ. ಕಾಲೇಜು ಹುಡುಗರು ಜೇಬು ಖರ್ಚಿಗೆ ಮಾಡುವ ಕೆಲಸವಿರಬೇಕು ಎಂದುಕೊಂಡು ಮುಂದೆ ಹೋಗುತ್ತೇವೆ. ಒರ್ಲ್ಯಾಂಡೊದಂಥ ಊರಿನಲ್ಲಿ ಎರಡು ಅರೆಕಾಲಿಕ ಕೆಲಸ ಕೂಡಿಸಿ ಒಂದು ಸಂಸಾರ ನಡೆಸುವವರು ಬೇಕಾದಷ್ಟು ಜನ. ಪಾರ್ಕು, ಹೋಟೆಲು ಎರಡೂ ಒಟ್ಟಿಗೆ ಮುಚ್ಚಿದರೆ ಅವರಿಗೆ ಎರಡು ಅರ್ಧಗಳೂ ಹೋದವು.

ಪತ್ರದಲ್ಲಿ ಕಾರಣಗಳ ಜೊತೆಗೆ, ನಿರ್ಬಂಧ ಸಡಿಲಿಸಲು ಕ್ಯಾಲಿಫೋರ್ನಿಯಾ ರಾಜ್ಯ ಒಪ್ಪದಿರುವುದು ಪರಿಸ್ಥಿತಿಯನ್ನು ಇನ್ನಷ್ಟು ಹದಗೆಡಿಸಿತು ಎಂಬ ಮಾತೂ ಇತ್ತು. ರಾಜ್ಯದ ಆರ್ಥಿಕ ಚೇತರಿಕೆಯ ಸಮಿತಿಯಲ್ಲಿದ್ದ ಐಗರ್ ಆ ದಿನಗಳಲ್ಲೇ ಅದರಿಂದ ಹೊರಬಂದರು. ಇಲ್ಲಿ ಲೆಕ್ಕದವನ ಒಂದು ಅನುಮಾನವನ್ನು ದಾಖಲಿಸುತ್ತೇನೆ. ಫ್ಲಾರಿಡಾದ ಪಾರ್ಕ್‌ಗಳು ಆಗಲೇ ಎರಡೂವರೆ ತಿಂಗಳಿಂದ ತೆರೆದಿದ್ದವು, ಅಲ್ಲಿನ ಸರ್ಕಾರ ಸೆಪ್ಟೆಂಬರ್ 25ರಂದು ಬಹುತೇಕ ನಿರ್ಬಂಧಗಳನ್ನೇ ತೆಗೆದಿತ್ತು. ಆದರೂ ಫ್ಲಾರಿಡಾದವರೂ ಆ ಪಟ್ಟಿಯಲ್ಲಿ ಸಾವಿರಾರು ಸಂಖ್ಯೆಯಲ್ಲಿದ್ದರು. ಜನ ಬರುತ್ತಿರಲಿಲ್ಲ ಎನ್ನುವುದೇ ಅದಕ್ಕೆ ಕಾರಣ. ಬಾಗಿಲು ತೆರೆಯುವುದು ಸರ್ಕಾರದ ಕೈಯಲ್ಲಿದೆ, ಒಳಗೆ ಬರುವ ಧೈರ್ಯ ಜನರ ಕೈಯಲ್ಲಿದೆ. ಸೆನೆಟರ್ ಎಲಿಜಬೆತ್ ವಾರನ್ ಅಕ್ಟೋಬರ್‌ನಲ್ಲಿ ಕಂಪನಿಗೆ ಪತ್ರ ಬರೆದು, ಮೇಲಿನವರ ಸಂಬಳ ಮರಳಿಸಿದ್ದನ್ನೂ ಹಿಂದಿನ ವರ್ಷಗಳಲ್ಲಿ ಷೇರುದಾರರಿಗೆ ಸುರಿದದ್ದನ್ನೂ ಎತ್ತಿ ಕೇಳಿದರು; ಪತ್ರದಲ್ಲಿ ತಪ್ಪುಗಳಿವೆ ಎಂದು ಕಂಪನಿ ಉತ್ತರಿಸಿತು.

ನವೆಂಬರ್ ಕೊನೆಯಲ್ಲಿ ಸಲ್ಲಿಸಿದ ವಾರ್ಷಿಕ ವರದಿಯಲ್ಲಿ 28,000 ಎಂಬುದು 32,000 ಆಗಿತ್ತು. ಈ ಬಾರಿ ಪತ್ರವಿಲ್ಲ. ನೂರಾರು ಪುಟಗಳ ನಡುವೆ ಒಂದು ವಾಕ್ಯ. ನಮ್ಮ ವೃತ್ತಿಯವರು ಓದುವುದೇ ಅಂಥ ಪುಟಗಳನ್ನಾದ್ದರಿಂದ ಅದು ಕಣ್ಣಿಗೆ ಬಿತ್ತು. ಡಿಸೆಂಬರ್ 10ರಂದು ಕಂಪನಿ ಹೂಡಿಕೆದಾರರ ಮುಂದೆ ಅಂತರ್ಜಾಲದ ಮೂಲಕ ಮನೆಮನೆಗೆ ಚಿತ್ರ, ಆಟಗಳನ್ನು ತಲುಪಿಸುವ ತನ್ನ ಪ್ರಸಾರದ (ಸ್ಟ್ರೀಮಿಂಗ್) ವ್ಯಾಪಾರವನ್ನು ಬಿಡಿಸಿಟ್ಟಿತು: ಎಲ್ಲ ಸೇವೆಗಳೂ ಸೇರಿ 13.7 ಕೋಟಿ ಚಂದಾದಾರಿಕೆ, ಅದರಲ್ಲಿ ಡಿಸ್ನಿ ಪ್ಲಸ್‌ನದೇ 8.68 ಕೋಟಿ. ಮರುದಿನ ಷೇರು ಬೆಲೆ ಶೇ 13ಕ್ಕಿಂತ ಹೆಚ್ಚು ಜಿಗಿದು ಹೊಸ ದಾಖಲೆ ಮುಟ್ಟಿತು. ಪಾರ್ಕ್‌ಗಳು ಅರ್ಧ ಮುಚ್ಚಿದ್ದ, 32,000 ಜನ ಮನೆಗೆ ಹೋಗುತ್ತಿದ್ದ ಅದೇ ಋತುವಿನಲ್ಲಿ.

ಆ 8.68 ಕೋಟಿಯಲ್ಲಿ ಕಾಲು ಭಾಗಕ್ಕೂ ಹೆಚ್ಚು ಡಿಸ್ನಿ ಪ್ಲಸ್ ಹಾಟ್‌ಸ್ಟಾರ್‌ನವರು, ಎಂದರೆ ಹೆಚ್ಚಾಗಿ ನಮ್ಮ ದೇಶದವರು. ಐಪಿಎಲ್ ನೋಡಲು 399 ರೂಪಾಯಿ ಕಟ್ಟಿದವರು. ನಾನೂ ಕಟ್ಟಿದ್ದೆ. ಹಾಳೆಯ ತಳದಲ್ಲಿ ಬೇರೆ ಶಾಯಿಯಲ್ಲಿ 'ರೂ. 399' ಎಂದು ಬರೆದು, ಸುತ್ತ ಒಂದು ವೃತ್ತ ಹಾಕಿದ್ದೇನೆ. ಅಂದು ಏಕೆ ಹಾಗೆ ಮಾಡಿದೆನೋ, ಇಂದು ಹಾಳೆ ನೋಡಿದಾಗ ಮೊದಲು ಕಣ್ಣು ಹೋದದ್ದು ಅಲ್ಲಿಗೇ.

ಕಂಪನಿಗೆ ಬೇರೆ ದಾರಿಯಿತ್ತೇ ಎಂದು ಸ್ನೇಹಿತರೊಬ್ಬರು ಕೇಳುತ್ತಾರೆ. ಜನರಿಲ್ಲದ ಪಾರ್ಕಿಗೆ ಅಷ್ಟೂ ಕೆಲಸಗಾರರನ್ನು ಇಟ್ಟುಕೊಳ್ಳಲು ಆಗುತ್ತಿರಲಿಲ್ಲ, ಒಪ್ಪುತ್ತೇನೆ. ಆ ಹಣಕಾಸು ವರ್ಷಕ್ಕೆ ಕಂಪನಿಯ ನಿವ್ವಳ ನಷ್ಟ 286 ಕೋಟಿ ಡಾಲರ್, ಅದು ಸುಳ್ಳಲ್ಲ. ನನ್ನ ತಕರಾರು ಮೊತ್ತದ ಬಗ್ಗೆ ಅಲ್ಲ, ಸರದಿಯ ಬಗ್ಗೆ. ಕಷ್ಟ ಎಲ್ಲರದೂ ಎಂದು ಮಾರ್ಚ್‌ನಲ್ಲಿ ಹೇಳಿದವರು, ಅದರಿಂದ ಹೊರಬರುವಾಗ ಮೇಲಿನ ಮೆಟ್ಟಿಲಿನವರನ್ನು ಆಗಸ್ಟ್‌ನಲ್ಲಿ ಮೊದಲು ಹೊರಗೆ ಬಿಟ್ಟರು. ಕೆಳಗಿನವರ ಸರದಿ ಬಂದಾಗ ಬಾಗಿಲನ್ನೇ ಹಾಕಿದರು. ಇಡೀ ವರ್ಷದ ಕೊನೆಗೆ ಐಗರ್ ಅವರ ಒಟ್ಟು ಸಂಭಾವನೆ 2.1 ಕೋಟಿ ಡಾಲರ್, ಚೇಪೆಕ್ ಅವರದು 1.42 ಕೋಟಿ. ಹಿಂದಿನ ವರ್ಷದ ಐಗರ್ ಮೊತ್ತದ ಅರ್ಧಕ್ಕೂ ಕಡಿಮೆ ಎಂದು ವಾದಿಸಬಹುದು. ವಾದಿಸಿದವರೂ ಇದ್ದಾರೆ.

2021ರ ಜನವರಿಯಲ್ಲಿ ಅನಾಹೈಮ್‌ನ ಡಿಸ್ನಿಲ್ಯಾಂಡಿನ ಕಾರು ನಿಲ್ದಾಣ ಲಸಿಕೆ ಹಾಕುವ ದೊಡ್ಡ ಕೇಂದ್ರವಾಯಿತು. ಪಾರ್ಕ್ ತೆರೆದದ್ದು ಏಪ್ರಿಲ್ 30ರಂದು, ಒಂದು ವರ್ಷದ ಮೇಲೆ ಒಂದೂವರೆ ತಿಂಗಳಾದ ಬಳಿಕ. 2022ರ ನವೆಂಬರ್ 20ರಂದು ನಿರ್ದೇಶಕ ಮಂಡಳಿ ಚೇಪೆಕ್ ಅವರನ್ನು ತೆಗೆದು ಐಗರ್ ಅವರನ್ನು ಮತ್ತೆ ಕರೆತಂದಿತು. ಅದು ಬೇರೆಯೇ ಕತೆ, ನನ್ನ ಹಾಳೆಯಲ್ಲಿ ಅದಕ್ಕೆ ಜಾಗವೂ ಉಳಿದಿರಲಿಲ್ಲ.

ಅಕ್ಕನ ಪಕ್ಕದ ಮನೆಯವರಿಗೆ 2020ರ ಶರತ್ಕಾಲದಲ್ಲೇ ಕೆಲಸ ಹೋಯಿತು. ಮರುವರ್ಷ ಬೇಸಿಗೆಯಲ್ಲಿ ಮತ್ತೆ ಬನ್ನಿ ಎಂಬ ಪತ್ರ ಬಂತು. ಅಷ್ಟರಲ್ಲಿ ಅವರು ಊರಾಚೆಯ ಒಂದು ಗೋದಾಮಿನಲ್ಲಿ ರಾತ್ರಿಪಾಳಿಯಲ್ಲಿ ಪೆಟ್ಟಿಗೆ ಕಟ್ಟುವ ಕೆಲಸಕ್ಕೆ ಸೇರಿದ್ದರು. ಹೋಗುತ್ತೀರಾ ಎಂದು ಅಕ್ಕ ಕೇಳಿದಳಂತೆ. ಗೋದಾಮಿನಲ್ಲಿ ಯಾರೂ ನನ್ನ ಊರು ಯಾವುದೆಂದು ಕೇಳುವುದಿಲ್ಲ, ನಗಬೇಕಾಗಿಯೂ ಇಲ್ಲ ಎಂದು ಹೇಳಿ ಅವರು ಪತ್ರವನ್ನು ಮಡಚಿ ಇಟ್ಟರಂತೆ. ಕಪ್ಪು ಶೂಗಳು ಈಗ ಗೋದಾಮಿನ ಕೆಲಸಕ್ಕೇ. ಪಾಲಿಶ್ ಹಚ್ಚುವುದನ್ನು ಮಾತ್ರ ನಿಲ್ಲಿಸಿದ್ದಾರೆ.